ಮುಂಡಗೋಡಿಗೆ ಬಂದ ಬೇತಾಳ

ದಾಂಡೇಲಿಯ ಕಾಡಿನ ಬಿದಿರು ಕಾಗದವಾದ ಕಥೆ ಎಲ್ಲರಿಗೂ ತಿಳಿದದ್ದೇ. 1955ರಲ್ಲಿ ಸ್ಥಾಪಿತವಾಗಿ 1959ರಲ್ಲಿ ಉತ್ಪಾದನೆಗೆ ತೊಡಗಿದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯ ಹೆಸರಿನಿಂದಲೇ ಹೊರಗಿನ ಅನೇಕರು ಆ ಊರನ್ನು ಗುರುತಿಸುತ್ತ ಬಂದರು. ತನ್ನ ಮೇಲೆ ಏನು ಅಚ್ಚಾಗಬೇಕೆಂಬುದನ್ನು ಬಿದಿರು ಕೇಳುವುದಿಲ್ಲವಷ್ಟೆ. ಅದು ಅಂಗಡಿಯ ಖಾತೆಯ ಪುಸ್ತಕವಾದೀತು, ಮಕ್ಕಳ ಭೂಗೋಳವಾದೀತು. ಕಾಳೀ ನದಿಯ ದಂಡೆಯ ಕತ್ತಲೆಯೇ ಹಾಳೆಗಳ ನಡುವೆ ಅಡಗಿ ಊರಿಗೆ ಮರಳಿತೋ ಎಂಬಂತೆ, ದೆವ್ವದ ಕಥೆಯೂ ಆದೀತು.

ಹಳಿಯಾಳದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿಯ ಊಟ ಮುಗಿದಿದೆ. ತಂದೆ ಮರುದಿನ ಧಾರವಾಡಕ್ಕೆ ಹೋಗುವ ಬಸ್ಸಿನ ವೇಳೆಯನ್ನು ಲೆಕ್ಕ ಹಾಕುತ್ತಿದ್ದಾರೆ. ಹತ್ತು ವರ್ಷದ ಮಗಳು ಹೊದಿಕೆಯೊಳಗೆ ಮೊಣಕಾಲು ಮಡಚಿ ಕುಳಿತು ಓದುತ್ತಿದ್ದಾಳೆ. ತಾಯಿ ದೀಪ ಆರಿಸಲು ಬಂದು ನಿಂತರೆ ಮಗಳ ಕಣ್ಣು ಪುಟದಿಂದ ಏಳದು.

“ಆಯಿ, ಇದೊಂದೇ ಪುಟ.”

“ಆ ಭೂತದ ಪುಸ್ತಕ ಮುಚ್ಚಿಡು. ನಡುರಾತ್ರಿ ಹೆದರಿ ಸೆರಗು ಹಿಡಿಯುವವಳು ನೀನೇ.”

“ಹೆದರಿಕೆಯಾಗಲಿ ಎಂದೇ ಓದುವುದಲ್ಲವೆ?”

ಈ ಪ್ರಶ್ನೆಗೆ ತಾಯಿಯ ಬಳಿ ಉತ್ತರವಿಲ್ಲ. ದೊಡ್ಡವರಲ್ಲಿ ಯಾರ ಬಳಿಯೂ ಇದ್ದಂತೆ ತೋರುವುದಿಲ್ಲ. ನಿಜವಾದ ಭಯವನ್ನು ಕಂಡರೆ ಮೈಲಿ ದೂರ ಓಡುವ ಮನುಷ್ಯನು, ಕಥೆಯ ಭಯವನ್ನು ಮಾತ್ರ ಕಾಸು ಕೊಟ್ಟು ಕೊಂಡು ತರುತ್ತಾನೆ. ತಂದು, ಬಾಗಿಲು ಭದ್ರಪಡಿಸಿಕೊಂಡು, ಒಬ್ಬನೇ ಕುಳಿತು ಓದುತ್ತಾನೆ. ಇಂಥ ಓದಿನಿಂದ ಮಕ್ಕಳ ಬುದ್ಧಿ ಕೆಡುವುದೆಂದು ಹೇಳುವವರಿದ್ದಾರೆ. ಕಲ್ಪನೆ ಬೆಳೆಯುವುದೆಂದು ಹೇಳುವವರೂ ಇದ್ದಾರೆ. ಎರಡೂ ಪಕ್ಷದವರು ಸಾಮಾನ್ಯವಾಗಿ ಆ ಪುಸ್ತಕವನ್ನು ಓದಿರುವುದಿಲ್ಲ.

ಕನ್ನಡದ ಮಗು ಮೊದಲು ಪರಿಚಯ ಮಾಡಿಕೊಳ್ಳುವ ಪಿಶಾಚಿ ಯಾವುದು? ಎರಡು ಮೂರು ತಲೆಮಾರುಗಳ ಮಟ್ಟಿಗೆ ಇದಕ್ಕೆ ಉತ್ತರ ಒಂದೇ: ಬೇತಾಳ. 1947ರ ಜುಲೈ ತಿಂಗಳಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳುಗಳಲ್ಲಿ ಹೊರಟು, ಸ್ವಲ್ಪ ಕಾಲದಲ್ಲೇ ಕನ್ನಡಕ್ಕೂ ಬಂದ ‘ಚಂದಮಾಮ’ ಇಂದು ನಿಂತುಹೋಗಿದೆ. ಆದರೆ ಅದರ ಒಂದು ಚಿತ್ರ ಮಾತ್ರ ನಿಂತುಹೋಗಿಲ್ಲ. ಒಂದು ಕೈಯಲ್ಲಿ ಕತ್ತಿ ಹಿರಿದು, ಹೆಗಲ ಮೇಲೆ ಶವವನ್ನು ಹೊತ್ತು, ಮುಂದಕ್ಕೆ ಹೆಜ್ಜೆಯಿಡುವ ರಾಜನ ಆ ಚಿತ್ರವನ್ನು ಬರೆದವರು ‘ಶಂಕರ್’ ಎಂಬ ಹೆಸರಿನ ಕೆ.ಸಿ. ಶಿವಶಂಕರನ್, 2020ರಲ್ಲಿ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂಲದ ಇಪ್ಪತ್ತೈದು ಕಥೆಗಳು ಮುಗಿದ ಮೇಲೂ ಪತ್ರಿಕೆ ಬೇತಾಳನನ್ನು ಬಿಡಲಿಲ್ಲ. ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆಗಳನ್ನು ಕೂರಿಸುತ್ತ ದಶಕಗಳ ಕಾಲ ನಡೆಸಿತು. ಆ ರಾಜನು ಎಷ್ಟು ಸಾವಿರ ಸಲ ಮರದ ಬಳಿಗೆ ಹಿಂದಿರುಗಿದನೋ! ಹಿಡಿದ ಹಟ ಬಿಡದವರನ್ನು ತ್ರಿವಿಕ್ರಮನೆಂದು ಕರೆಯುವ ರೂಢಿ ಕನ್ನಡದ ಮನೆಗಳಲ್ಲಿ ಇನ್ನೂ ಉಂಟು.

ಆ ಹೆಸರು ‘ಚಂದಮಾಮ’ದವರು ಇಟ್ಟದ್ದಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವನು ಬರೆದ ‘ಕಥಾಸರಿತ್ಸಾಗರ’ದಲ್ಲಿಯೇ ರಾಜನ ಹೆಸರು ತ್ರಿವಿಕ್ರಮಸೇನ. ಅವನ ರಾಜಧಾನಿ ಗೋದಾವರಿಯ ದಡದ ಪ್ರತಿಷ್ಠಾನ, ಅಂದರೆ ಈಗಿನ ಮಹಾರಾಷ್ಟ್ರದ ಪೈಠಣ. ಕಾಶ್ಮೀರದ ಕವಿ ಹೇಳಿದ ಕಥೆಯ ನೆಲ ಕನ್ನಡಿಗರ ನೆರೆಯ ದಖ್ಖನಿನದು. ಸೋಮದೇವನು ಈ ಮಹಾಸಂಗ್ರಹವನ್ನು ರಚಿಸಿದ್ದು ರಾಣಿ ಸೂರ್ಯಮತಿಯ ಮನರಂಜನೆಗಾಗಿ. ಆ ರಾಣಿಯ ಮನೆಯಲ್ಲಿ ಗಂಡ ಅನಂತನಿಗೂ ಮಗ ಕಲಶನಿಗೂ ವೈರ ಬೆಳೆದು, 1081ರಲ್ಲಿ ಅನಂತನು ಆತ್ಮಹತ್ಯೆ ಮಾಡಿಕೊಂಡನು, ಆಕೆ ಚಿತೆಯೇರಿದಳು. ಸ್ಮಶಾನದ ಕಥೆಗಳನ್ನು ಕೇಳುತ್ತ ಕುಳಿತವಳ ಅರಮನೆಯಲ್ಲೇ ಅದಕ್ಕಿಂತ ಘೋರವಾದದ್ದು ನಡೆಯುತ್ತಿತ್ತೆಂಬುದನ್ನು, ಇಂಥ ಓದನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವವರು ಸ್ವಲ್ಪ ನೆನೆಯಬೇಕು.

ಕಥೆಯ ಚೌಕಟ್ಟು ಬಲು ಸರಳ. ಕ್ಷಾಂತಿಶೀಲನೆಂಬ ಭಿಕ್ಷು ಪ್ರತಿದಿನವೂ ರಾಜನಿಗೆ ಒಂದು ಹಣ್ಣನ್ನು ತಂದು ಒಪ್ಪಿಸುತ್ತಾನೆ. ರಾಜನು ಅದನ್ನು ಭಂಡಾರಿಯ ಕೈಗೆ ಕೊಟ್ಟು ಮರೆಯುತ್ತಾನೆ. ಹೀಗೆ ಹತ್ತು ವರ್ಷ. ಒಂದು ದಿನ ಸಾಕಿದ ಮಂಗವೊಂದು ಹಣ್ಣನ್ನು ಕಚ್ಚಲು ಒಳಗಿನಿಂದ ರತ್ನ ಉರುಳುತ್ತದೆ. ಇಷ್ಟು ಕಾಣಿಕೆ ಪಡೆದವನು ಋಣ ತೀರಿಸಲೇಬೇಕಲ್ಲ! ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಸ್ಮಶಾನಕ್ಕೆ ಬಂದು, ಅಲ್ಲಿಂದ ದೂರದ ಶಿಂಶಪಾ ವೃಕ್ಷದಲ್ಲಿ ತೂಗುತ್ತಿರುವ ಹೆಣವನ್ನು ಮಾತನಾಡದೆ ಹೊತ್ತು ತರಬೇಕೆಂದು ಭಿಕ್ಷು ಕೇಳುತ್ತಾನೆ. ಹೆಣದೊಳಗೆ ಬೇತಾಳನಿದ್ದಾನೆ. ದಾರಿ ಸವೆಯಲೆಂದು ಅವನು ಕಥೆ ಹೇಳುತ್ತಾನೆ, ಕೊನೆಯಲ್ಲಿ ಪ್ರಶ್ನೆ ಹಾಕುತ್ತಾನೆ. ಉತ್ತರ ತಿಳಿದೂ ಹೇಳದಿದ್ದರೆ ರಾಜನ ತಲೆ ಸಿಡಿದುಹೋಗುತ್ತದೆ. ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ಹಾರುತ್ತದೆ.

ಮರದ ವಿಷಯದಲ್ಲಿ ಒಂದು ಮಾತು. ಶಿಂಶಪೆಯನ್ನು ಬೀಟೆಯ ಜಾತಿಗೇ ಸೇರಿದ ಮರವೆಂದು ಬಹುಮಂದಿ ಗುರುತಿಸುತ್ತಾರೆ, ಅಶೋಕವೆನ್ನುವವರೂ ಉಂಟು. ತಮಿಳರಂತೂ ಬೇತಾಳನನ್ನು ಮನೆಯ ಹಿತ್ತಿಲಿನ ನುಗ್ಗೆಮರಕ್ಕೆ ಹತ್ತಿಸಿ, ಅದನ್ನೊಂದು ಗಾದೆಯಾಗಿಯೂ ಮಾಡಿಕೊಂಡಿದ್ದಾರೆ. ತೇಗ ಬೀಟೆಗಳ ನಡುವೆ ಬೆಳೆದ ಹಳಿಯಾಳ, ದಾಂಡೇಲಿಗಳ ಮಕ್ಕಳಿಗೆ ಮೊದಲನೆಯ ಪಕ್ಷವೇ ಹೆಚ್ಚು ರುಚಿಸಿದರೆ ಆಶ್ಚರ್ಯವಿಲ್ಲ.

1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲನು ಈ ಕಥೆಗಳಲ್ಲಿ ಕೆಲವನ್ನು ತನ್ನ ಮನಬಂದಂತೆ ಬೆಳೆಸಿ ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದು ಕರೆದನು. ಹೆಸರು ಪ್ರಚಾರಕ್ಕೆ ಒದಗಿತು, ಅರ್ಥಕ್ಕೆ ಒದಗಲಿಲ್ಲ. 1897ರಲ್ಲಿ ಬ್ರಾಮ್ ಸ್ಟೋಕರನ ಕಾದಂಬರಿಯಿಂದ ಲೋಕಪ್ರಸಿದ್ಧನಾದ ಡ್ರಾಕುಲಾ ಬಂದವರ ರಕ್ತವನ್ನು ಹೀರುವವನು. ಬೇತಾಳನು ಬಂದವರಿಗೆ ಪ್ರಶ್ನೆ ಕೇಳುವವನು. ಇವರಿಬ್ಬರನ್ನು ಒಂದೇ ಕುಲಕ್ಕೆ ಸೇರಿಸುವುದು ಅನ್ಯಾಯ. ಮೇಲಾಗಿ, ಪಶ್ಚಿಮಕ್ಕೆ ಹೋದಂತೆ ಬೇತಾಳನ ಅಂತಸ್ತು ಏರುತ್ತದೆ. ಜೋಯಿಡಾದ ಗಡಿಯಾಚೆ ಗೋವೆಯಲ್ಲಿ ಅವನು ಮರದಲ್ಲಿ ತೂಗುವವನಲ್ಲ, ಗುಡಿಯಲ್ಲಿ ನಿಂತವನು. ಕಾಣಕೋಣ ತಾಲ್ಲೂಕಿನ ಲೋಲಿಯೆ, ಪೈಂಗಿಣಗಳಲ್ಲಿ ಊರು ಕಾಯುವ ದೇವರೆಂದು ಪೂಜೆಗೊಳ್ಳುವವನು. ಒಂದು ಊರಿನ ದೆವ್ವ ನೆರೆಯೂರಿನ ದೇವರಾಗುವುದು ಈ ದೇಶದಲ್ಲಿ ಹೊಸದೇನಲ್ಲ.

ಇಷ್ಟರವರೆಗಿನದು ಪುಸ್ತಕದಿಂದ ಬಂದ ಬೇತಾಳನ ಹಾದಿ. ಇನ್ನೊಂದು ಹಾದಿ ಹಿಮಾಲಯದಾಚೆಯಿಂದ ಬಂದದ್ದು.

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋಗುವವರು ಊರು ಸಮೀಪಿಸುತ್ತಿರುವಂತೆ ಕೆಂಪು ವಸ್ತ್ರ ಹೊದ್ದ ಭಿಕ್ಷುಗಳನ್ನು ಕಾಣುವುದು ವಾಡಿಕೆ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟಿಯನ್ನರು ಗಡಿ ದಾಟಿದರು. ಅವರಲ್ಲಿ ಒಂದು ದೊಡ್ಡ ಗುಂಪಿಗೆ ಅಂದಿನ ಮೈಸೂರು ರಾಜ್ಯವು ಮುಂಡಗೋಡದ ಬಳಿ ಸುಮಾರು ನಾಲ್ಕು ಸಾವಿರ ಎಕರೆಯಷ್ಟು ಕಾಡುನೆಲವನ್ನು ಕೊಟ್ಟು, 1966ರಲ್ಲಿ ವಸತಿ ಆರಂಭವಾಯಿತು. ಲ್ಹಾಸಾದ ಸುತ್ತಲಿದ್ದ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಮಹಾವಿಹಾರಗಳ ಭಿಕ್ಷುಗಳು ಕೆಲವು ವರ್ಷ ಬಂಗಾಳದ ಬಕ್ಸಾದಲ್ಲಿದ್ದು, 1969ರ ಸುಮಾರಿಗೆ ಇಲ್ಲಿಗೆ ಬಂದು ತಮ್ಮ ವಿಹಾರಗಳನ್ನು ಮತ್ತೆ ಕಟ್ಟಿದರು. ಮಂಜಿನ ನಾಡಿನವರು ಮಲೆನಾಡಿನ ಅಂಚಿನ ಬಿಸಿಲಿಗೆ, ಮೆಕ್ಕೆಜೋಳದ ಬೇಸಾಯಕ್ಕೆ ಹೊಂದಿಕೊಂಡದ್ದು ಸುಲಭದ ಮಾತಾಗಿರಲಿಲ್ಲ.

ನೆಲ ಬಿಟ್ಟು ಹೊರಟವನು ಏನನ್ನು ಹೊತ್ತುಕೊಂಡು ಹೋಗಬಲ್ಲನು? ಜೋಯಿಡಾದವರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಕಾಳೀ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದಾಗ ಅಲ್ಲಿನ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ಮನೆಯ ತೊಲೆಯನ್ನು ಕಳಚಿ ತರಬಹುದು, ದೇವರ ಮೂರ್ತಿಯನ್ನು ತರಬಹುದು. ಆದರೆ ಇಂಥ ಹುಣಿಸೆಮರದ ಕೆಳಗೆ ಇಂಥದೊಂದು ಕಾಣಿಸುತ್ತದೆ ಎಂಬ ಕಥೆಯನ್ನು, ಹುಣಿಸೆಮರವೇ ನೀರಿನೊಳಗೆ ಹೋದ ಮೇಲೆ, ಎಲ್ಲಿ ನೆಡುವುದು? ಊರಿಗೆ ಅಂಟಿದ ದೆವ್ವ ಊರಿನೊಡನೆ ಮುಳುಗುತ್ತದೆ. ಹೆಗಲೇರಿ ಕುಳಿತ ದೆವ್ವ ಮಾತ್ರ ಜೊತೆಗೆ ಬರುತ್ತದೆ.

ಟಿಬೆಟಿಯನ್ನರ ಹೆಗಲೇರಿ ಬಂದದ್ದು ಇದೇ ಬೇತಾಳ! ಸಂಸ್ಕೃತದ ‘ವೇತಾಳ’ ಎಂಬ ಮಾತಿಗೆ ಟಿಬೆಟಿನ ಭಾಷಾಂತರಕಾರರು ಇಟ್ಟ ಹೆಸರು ‘ರೋಲಾಂಗ್’, ಎಂದರೆ ಎದ್ದುನಿಂತ ಹೆಣ. ಅಲ್ಲಿನ ಜನರ ನಂಬಿಕೆಯಲ್ಲಿ ಈ ಹೆಣಕ್ಕೆ ಸೊಂಟ ಬಗ್ಗಿಸಲು ಬರುವುದಿಲ್ಲ. ಆದ್ದರಿಂದ ಕೆಲವು ಕಡೆ ಮನೆಯ ಬಾಗಿಲನ್ನೇ ಗಿಡ್ಡವಾಗಿ ಕಟ್ಟುತ್ತಿದ್ದರಂತೆ. ಬದುಕಿದವನು ತಲೆ ಬಗ್ಗಿಸಿ ಒಳಗೆ ಬರುತ್ತಾನೆ, ಸತ್ತವನು ಹೊರಗೇ ನಿಲ್ಲುತ್ತಾನೆ. ಭಯವನ್ನು ಹೀಗೆ ಬಡಗಿಯ ಲೆಕ್ಕಕ್ಕೆ ಇಳಿಸಿದ ಜಾಣತನಕ್ಕೆ ಮೆಚ್ಚಬೇಕು.

ಆ ಹೆಣದ ಬಾಯಿಂದ ಬರುವ ಕಥೆಗಳಿಗೆ ‘ರೋಡುಂಗ್’, ಹೆಣದ ಕಥೆಗಳು, ಎಂದು ಹೆಸರು. ಹದಿಮೂರು ಕಥೆಗಳ ಪಾಠವಿದೆ, ಇಪ್ಪತ್ತಕ್ಕೆ ಮೀರಿದ ಪಾಠಗಳೂ ಇವೆ. ಮಂಗೋಲಿಯದವರೆಗೂ ಇವು ಹರಡಿವೆ. ಒಳಗಿನ ಕಥೆಗಳು ಸಂಸ್ಕೃತದವಲ್ಲ, ಟಿಬೆಟಿನ ನೆಲದವು. ಹೊರಗಿನ ಚೌಕಟ್ಟು ಮಾತ್ರ ಕನ್ನಡದ ಮಗು ನೋಡಿದೊಡನೆ ಗುರುತಿಸುವಂಥದು. ಹೀಗಿದ್ದೂ ಚೌಕಟ್ಟಿನ ಆರಂಭ ಬೇರೆ. ಏಳು ಮಂದಿ ಮಾಯಾವಿ ಸೋದರರಿಂದ ಒಬ್ಬ ಹುಡುಗನು ಕದ್ದು ವಿದ್ಯೆ ಕಲಿಯುತ್ತಾನೆ. ಅವರು ಬೆನ್ನಟ್ಟಿದಾಗ ಮೀನಾಗಿ, ಪಾರಿವಾಳವಾಗಿ ತಪ್ಪಿಸಿಕೊಂಡು ಗುಹೆಯಲ್ಲಿದ್ದ ಆಚಾರ್ಯ ನಾಗಾರ್ಜುನನ ಮರೆಹೋಗುತ್ತಾನೆ. ಆಚಾರ್ಯನ ಕೈಯ ಜಪಮಾಲೆಯಲ್ಲಿ ಒಂದು ಮಣಿಯಾಗಿ ಅಡಗುತ್ತಾನೆ. ಬೆನ್ನಟ್ಟಿ ಬಂದವರು ಕೋಳಿಗಳಾಗಿ ಕುಕ್ಕತೊಡಗಲು, ಇವನು ಮನುಷ್ಯನಾಗಿ ನಿಂತು ಏಳನ್ನೂ ಕೊಲ್ಲುತ್ತಾನೆ. ನೋಡಿದರೆ ನೆಲದ ಮೇಲೆ ಏಳು ಮಂದಿ ಮನುಷ್ಯರ ಹೆಣಗಳು!

ಬೇರೆ ಕಥೆಯಾಗಿದ್ದರೆ ಇಲ್ಲಿಗೆ ಜಯಘೋಷವಾಗಬೇಕಿತ್ತು. ಇಲ್ಲಿ ಹಾಗಾಗುವುದಿಲ್ಲ. ತನ್ನ ಕಾರಣದಿಂದ ಏಳು ಜೀವ ಹೋಯಿತೆಂದು ಆಚಾರ್ಯನು ದುಃಖಿಸುತ್ತಾನೆ. ಪಾಪ ಕಳೆಯಬೇಕಾದರೆ ದೂರದ ಸ್ಮಶಾನಕ್ಕೆ ಹೋಗಿ, ಬಂಗಾರ ರತ್ನಗಳ ಮೈಯುಳ್ಳ ಸಿದ್ಧಿಯ ಹೆಣವನ್ನು ಮಾತನಾಡದೆ ಹೊತ್ತು ತಾ, ಅದರಿಂದ ಲೋಕದ ಬಡತನ ನೀಗಲಿ ಎಂದು ಕಳುಹಿಸುತ್ತಾನೆ. ಪ್ರತಿಷ್ಠಾನದ ರಾಜನು ಹೆಣ ಹೊರುವುದು ಕೊಟ್ಟ ಮಾತಿಗಾಗಿ. ಟಿಬೆಟಿನ ಹುಡುಗನು ಹೊರುವುದು ಪ್ರಾಯಶ್ಚಿತ್ತಕ್ಕಾಗಿ. ಅಲ್ಲಿ ಹೆಣ ತರಿಸಿಕೊಳ್ಳುವವನು ವಂಚಕ, ಇಲ್ಲಿ ಗುರು.

ಮೌನ ಮುರಿಯುವ ಬಗೆಯಲ್ಲಿ ಇರುವ ವ್ಯತ್ಯಾಸವಂತೂ ಇನ್ನೂ ಸ್ವಾರಸ್ಯವಾದದ್ದು. ತ್ರಿವಿಕ್ರಮಸೇನನಿಗೆ ಬೇತಾಳನು ಪ್ರಶ್ನೆ ಹಾಕಿ ಸಿಕ್ಕಿಸುತ್ತಾನೆ. ನ್ಯಾಯ ತಿಳಿದವನು ಸುಮ್ಮನಿರಬಾರದೆಂಬುದು ಅವನಿಗೊಡ್ಡಿದ ಬಲೆ. ಟಿಬೆಟಿನ ಹೆಣವು ಸಾಮಾನ್ಯವಾಗಿ ಪ್ರಶ್ನೆಯನ್ನೇ ಕೇಳುವುದಿಲ್ಲ. ಸುಮ್ಮನೆ ಕಥೆ ಹೇಳುತ್ತ ಹೋಗುತ್ತದೆ. ಕೇಳುತ್ತ ಕೇಳುತ್ತ ಹುಡುಗನು ತಾನು ಹೆಣ ಹೊತ್ತಿರುವುದನ್ನೂ ಗುರುವಿನ ಅಪ್ಪಣೆಯನ್ನೂ ಮರೆತು, ‘ಅಯ್ಯೋ ಪಾಪ!’ ಎಂದೋ ‘ಭಲೆ!’ ಎಂದೋ ಉದ್ಗರಿಸುತ್ತಾನೆ. ಅಷ್ಟೇ ಸಾಕು. ಹೆಣ ಚೀಲದಿಂದ ಜಾರಿ ಸ್ಮಶಾನಕ್ಕೆ ಹಿಂದಿರುಗುತ್ತದೆ. ರಾಜನನ್ನು ವಿವೇಕ ಸೋಲಿಸಿದರೆ ಹುಡುಗನನ್ನು ಮರುಕ ಸೋಲಿಸುತ್ತದೆ. ಇಬ್ಬರನ್ನೂ ಭಯ ಸೋಲಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಕತ್ತಲೆ, ಸುಡುಗಾಡು, ನರಿಯ ಕೂಗು, ಹೆಗಲ ಮೇಲೆ ತಣ್ಣನೆಯ ಹೆಣ, ಎಲ್ಲವೂ ಇದೆ. ಆದರೆ ಹೊತ್ತವನ ಮನಸ್ಸು ಅದ್ಯಾವುದರ ಮೇಲೂ ಇಲ್ಲ. ಅದು ಕಥೆಯೊಳಗಿನ ಯಾರದೋ ಕಷ್ಟದ ಮೇಲಿದೆ. ಹೊದಿಕೆಯೊಳಗೆ ಕುಳಿತ ಹಳಿಯಾಳದ ಹುಡುಗಿಯ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಇನ್ನು ಹುಡುಗನ ಹೆಸರಿನ ಸಂಗತಿ. ಅನೇಕ ಪಾಠಗಳಲ್ಲಿ ಹೆಣ ಹೊರುವವನ ಹೆಸರು ದೆಚೋ ಸಾಂಗ್ಪೊ. ನಾಗಾರ್ಜುನನು ‘ಸುಹೃಲ್ಲೇಖ’ ಎಂಬ ಪತ್ರರೂಪದ ಕೃತಿಯನ್ನು ಬರೆದದ್ದು ಒಬ್ಬ ಮಿತ್ರರಾಜನಿಗೆ. ಟಿಬೆಟಿನ ಪರಂಪರೆಯಲ್ಲಿ ಆ ರಾಜನ ಹೆಸರೂ ಇದೇ, ಅವನು ಶಾತವಾಹನ ವಂಶದವನೆಂಬುದು ವಿದ್ವಾಂಸರ ಮತ. ಶಾತವಾಹನರ ರಾಜಧಾನಿ ಪ್ರತಿಷ್ಠಾನ. ಹೀಗೆ ಸಂಸ್ಕೃತದ ರಾಜನೂ ಟಿಬೆಟಿನ ಹುಡುಗನೂ ಸುತ್ತಿ ಸುತ್ತಿ ಒಂದೇ ದಖ್ಖನಿನ ಸಿಂಹಾಸನದ ಬಳಿಗೆ ಬಂದು ನಿಲ್ಲುತ್ತಾರೆ. ಮುಂಡಗೋಡದ ನೆರೆಯ ಸಿರಸಿ ತಾಲ್ಲೂಕಿನ ಬನವಾಸಿಯಲ್ಲಿ ಶಾತವಾಹನ ರಾಣಿಯೊಬ್ಬಳ ಸ್ಮಾರಕ ಶಿಲೆ ದೊರೆತಿದೆ. ಆ ರಾಜರ ಹೆಸರು ಹೊತ್ತ ಕಥೆಯೊಂದು ಹಿಮಾಲಯವನ್ನು ಹತ್ತಿ ಇಳಿದು, ಶತಮಾನಗಳನ್ನು ಅಲ್ಲಿ ಕಳೆದು, 1966ರಲ್ಲಿ ಮನೆ ಕಳೆದುಕೊಂಡವರ ಜೊತೆಯಲ್ಲಿ ಬನವಾಸಿಯ ನೆರೆಗೇ ಬಂದು ಇಳಿಯಿತು. ಅದನ್ನು ಎದುರುಗೊಳ್ಳಲು ಯಾರೂ ಹೋಗಲಿಲ್ಲ. ‘ಚಂದಮಾಮ’ ಓದುತ್ತಿದ್ದ ಮುಂಡಗೋಡ ಪೇಟೆಯ ಮಗುವಿಗೂ, ಅಜ್ಜಿಯ ಬಾಯಿಂದ ಹೆಣದ ಕಥೆ ಕೇಳುತ್ತಿದ್ದ ವಸತಿಯ ಮಗುವಿಗೂ ನಡುವೆ ಇದ್ದದ್ದು ಕೆಲವೇ ಮೈಲಿ. ಸಂತೆಯಲ್ಲಿ ಇಬ್ಬರ ತಾಯಂದಿರೂ ಎದುರುಬದುರು ನಿಂತು ತರಕಾರಿ ಕೊಂಡಿರಲೂ ಸಾಕು. ತಮ್ಮ ಮಕ್ಕಳು ಒಂದೇ ಹೆಣಕ್ಕೆ ಹೆದರುತ್ತಿದ್ದಾರೆಂದು ಹೇಳಿಕೊಳ್ಳಲು ಅವರಿಗೊಂದು ಸಮಾನ ಭಾಷೆ ಇರಲಿಲ್ಲ.

ಓದಿದ ಬೇತಾಳ ಬೆಳೆದು ಏನಾದಾನೆಂಬುದಕ್ಕೂ ಇದೇ ಜಿಲ್ಲೆಯಲ್ಲಿ ನಿದರ್ಶನವುಂಟು. ಬಾಲ್ಯವನ್ನು ಸಿರಸಿಯಲ್ಲಿ ಕಳೆದ ಗಿರೀಶ ಕಾರ್ನಾಡರು 1971ರಲ್ಲಿ ಪ್ರಕಟಿಸಿದ ‘ಹಯವದನ’ದ ಮೂಲ ಬೇತಾಳನ ಒಂದು ಪ್ರಶ್ನೆಯೇ. ಗಂಡನ ತಲೆಯೂ ಇನ್ನೊಬ್ಬನ ತಲೆಯೂ ಅದಲುಬದಲಾಗಿ ಕೂಡಿಕೊಂಡರೆ ಹೆಣ್ಣಿಗೆ ಗಂಡನಾರು? ತಲೆಯಿದ್ದವನೇ ಗಂಡ, ಅಂಗಗಳಲ್ಲಿ ತಲೆಯೇ ಪ್ರಧಾನ, ಎಂದು ತ್ರಿವಿಕ್ರಮಸೇನನು ತೀರ್ಪು ಕೊಟ್ಟು ಮುಗಿಸಿದ್ದನು. 1940ರಲ್ಲಿ ಜರ್ಮನಿಯ ಥಾಮಸ್ ಮಾನ್ ಈ ಕಥೆಯನ್ನು ಎತ್ತಿಕೊಂಡು ತೀರ್ಪನ್ನು ಅಲುಗಾಡಿಸಿದನು. ಕಾರ್ನಾಡರು ಮಾನ್‌ನ ಹಾದಿಯನ್ನು ಹಿಡಿದು, ಯಕ್ಷಗಾನದ ರೀತಿಯ ಭಾಗವತನನ್ನೂ ಕುದುರೆ ಮುಖದವನನ್ನೂ ತಂದು ನಿಲ್ಲಿಸಿ, ಹೆಣ್ಣಿನ ಮನಸ್ಸು ಏನು ಹೇಳುತ್ತದೆಂದು ಕೇಳಿದರು. ರಾಜನಾಗಲಿ ಬೇತಾಳನಾಗಲಿ ಅದನ್ನು ಕೇಳಿರಲಿಲ್ಲ. ಮಕ್ಕಳ ಕಥೆಯೆಂದು ಬದಿಗಿಟ್ಟ ಪುಸ್ತಕದಿಂದ ಇಷ್ಟು ದೊಡ್ಡ ನಾಟಕ ಹೊರಟಿತು.

ಹೀಗೆಂದ ಮಾತ್ರಕ್ಕೆ ತಾಯಂದಿರ ಭೀತಿಯೆಲ್ಲ ಅಕಾರಣವೆನ್ನಲಾಗದು. ಹಳಿಯಾಳ, ಜೋಯಿಡಾಗಳಲ್ಲಿ ಮರಾಠಿ, ಕೊಂಕಣಿ ಮನೆಮಾತಾಗಿರುವ ಕುಟುಂಬಗಳು ಅನೇಕ. ಮರಾಠಿ ಓದಬಲ್ಲವರಿಗೆ ನಾರಾಯಣ ಧಾರಪರ ಭಯಕಥೆಗಳು ಅಪರಿಚಿತವಲ್ಲ. ಅವರ ದುಷ್ಟಶಕ್ತಿ ನಿಜವಾಗಿಯೂ ದುಷ್ಟ. ಅದನ್ನು ಎದುರಿಸಲು ‘ಸಮರ್ಥ’ನೆಂಬ ನಾಯಕನೇ ಬರಬೇಕು. ಓದಿದವನಿಗೆ ಎರಡು ರಾತ್ರಿ ನಿದ್ರೆ ಕಷ್ಟ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’ವನ್ನು ಕನ್ನಡದ ಮನೆಮನೆಗಳಲ್ಲಿ ಕಿತ್ತಾಡಿ ಓದಿದ ಕಾಲವೊಂದಿತ್ತು. ಮುದ್ದು ಮಗುವಿನ ಮೇಲೆ ಮಾಟ ಮಾಡಿಸುವ ಆ ಕಥೆ ಜನರ ಮೂಢನಂಬಿಕೆಗೆ ನೀರೆರೆಯುತ್ತದೆಂದು ಬಲವಾದ ಆಕ್ಷೇಪಗಳು ಬಂದವು. ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಬಾಣಾಮತಿಯ ಹೆಸರಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಡವರನ್ನು, ಅದರಲ್ಲೂ ಒಂಟಿ ಹೆಂಗಸರನ್ನು ಪೀಡಿಸಿದ ಪ್ರಸಂಗಗಳು ಕಟ್ಟುಕಥೆಗಳಲ್ಲ. ಮಾಟಮಂತ್ರ ಮತ್ತು ಅಮಾನವೀಯ ಆಚರಣೆಗಳನ್ನು ತಡೆಯಲು ಕರ್ನಾಟಕವು 2017ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂದಿತು.

ಆದರೆ ಮಂತ್ರವಾದಿಗೂ ಕಥೆಗಾರನಿಗೂ ವ್ಯತ್ಯಾಸವುಂಟು. ಕಥೆಗಾರನು ಕೇಳುವ ನಂಬಿಕೆ ಗಳಿಗೆಯ ಸಾಲ. ಕೊನೆಯ ಪುಟದಲ್ಲಿ ಅವನೇ ಅದನ್ನು ಹಿಂದಿರುಗಿಸುತ್ತಾನೆ. ಮಂತ್ರವಾದಿ ತೆಗೆದುಕೊಂಡದ್ದನ್ನು ಹಿಂದಿರುಗಿಸುವುದಿಲ್ಲ, ನಿಂಬೆಹಣ್ಣಿನ ಮೇಲೆ ನಿಂಬೆಹಣ್ಣು ಬೇಡುತ್ತ ಹೋಗುತ್ತಾನೆ. ಮಂತ್ರವಾದಿಯ ಬಳಿ ಹೋಗುವುದರಲ್ಲಿ ಎಷ್ಟು ಅಪಾಯವಿದೆಯೆಂಬುದನ್ನು ಬೇತಾಳಪಂಚವಿಂಶತಿಯಷ್ಟು ಚೆನ್ನಾಗಿ ಹೇಳುವ ಪುಸ್ತಕ ಮತ್ತೊಂದಿಲ್ಲ. ಏಕೆಂದರೆ ಆ ಕಥೆಯಲ್ಲಿ ನಿಜವಾದ ಕೇಡಿಗನು ಹೆಣವಲ್ಲ, ಭಿಕ್ಷುವಿನ ವೇಷದ ಕ್ಷಾಂತಿಶೀಲ. ಹತ್ತು ವರ್ಷ ಹಣ್ಣು ತಂದುಕೊಟ್ಟವನು ರಾಜನನ್ನೇ ಬಲಿಕೊಡಲು ಹವಣಿಸಿದ್ದನು. ಅದನ್ನು ಬಯಲು ಮಾಡಿ ರಾಜನನ್ನು ಉಳಿಸಿದವನು ಬೇತಾಳ. ‘ಸಾಷ್ಟಾಂಗ ನಮಸ್ಕರಿಸು ಎಂದರೆ, ರಾಜನಾದ ತನಗೆ ಅದು ಬಾರದು, ನೀನೇ ಮಾಡಿ ತೋರಿಸು ಎನ್ನು’ ಎಂಬುದು ಅವನು ಹೇಳಿಕೊಟ್ಟ ಉಪಾಯ. ಭಿಕ್ಷು ಬಾಗಿದನು, ಕತ್ತಿ ಬಿತ್ತು. ಇದನ್ನು ಹತ್ತು ವರ್ಷಕ್ಕೇ ಓದಿದ ಹುಡುಗಿ ಮುಂದೆ ಯಾವನಾದರೂ ತಾಯಿತ ಹಿಡಿದು ಬಾಗಿಲಿಗೆ ಬಂದರೆ, ಅವನ ಹಣ್ಣನ್ನು ಮೊದಲು ಮಂಗಕ್ಕೆ ಕೊಟ್ಟು ನೋಡುವವಳಾದಾಳು.

ಬೇತಾಳನು ರಾಜನಿಗೆ ಒಲಿದದ್ದಾದರೂ ಯಾವಾಗ? ಇಪ್ಪತ್ತಮೂರು ಸಲ ಸರಿಯುತ್ತರ ಕೊಟ್ಟಾಗಲಲ್ಲ, ಇಪ್ಪತ್ತನಾಲ್ಕನೆಯ ಸಲ ಉತ್ತರ ತೋಚದೆ ರಾಜನು ಸುಮ್ಮನೆ ನಡೆದಾಗ. ಆ ಕಥೆ ಕಾಡಿನದು. ರಾಜ್ಯ ಕಳೆದುಕೊಂಡ ರಾಣಿಯೂ ಮಗಳೂ ಅಡವಿಯಲ್ಲಿ ಓಡಿಹೋಗುತ್ತಾರೆ. ಬೇಟೆಗೆ ಬಂದ ತಂದೆ ಮಗ ಇಬ್ಬರು ಅವರ ಹೆಜ್ಜೆಯ ಗುರುತುಗಳನ್ನು ಕಾಣುತ್ತಾರೆ. ದೊಡ್ಡ ಹೆಜ್ಜೆ ತಾಯಿಯದು, ಅವಳು ತಂದೆಗೆ. ಚಿಕ್ಕ ಹೆಜ್ಜೆ ಮಗಳದು, ಅವಳು ಮಗನಿಗೆ ಎಂದು ನಿಶ್ಚಯಿಸಿಕೊಳ್ಳುತ್ತಾರೆ. ಹೋಗಿ ನೋಡಿದರೆ ಮಗಳ ಪಾದವೇ ದೊಡ್ಡದು! ಕೊಟ್ಟ ಮಾತಿನಂತೆ ತಂದೆಗೆ ಮಗಳೂ ಮಗನಿಗೆ ತಾಯಿಯೂ ಹೆಂಡಿರಾಗುತ್ತಾರೆ. ಎರಡು ಜೋಡಿಗೂ ಮಕ್ಕಳಾದ ಮೇಲೆ, ಆ ಮಕ್ಕಳು ಪರಸ್ಪರ ಏನಾಗಬೇಕು?

ಹಳಿಯಾಳದ ಆ ಮನೆಯಲ್ಲಿ ದೀಪ ಇನ್ನೂ ಆರಿಲ್ಲ. ಮಗಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಪ್ರಶ್ನೆಯನ್ನು ತಾಯಿಯ ಮುಂದಿಟ್ಟಿದ್ದಾಳೆ. ತಾಯಿ ನಗುತ್ತ, “ಹೋಗಿ ನಿಮ್ಮ ಅಜ್ಜಿಯನ್ನು ಕೇಳು,” ಎಂದು ತಪ್ಪಿಸಿಕೊಂಡಿದ್ದಾರೆ. ಮೂಲೆಯ ಹಾಸಿಗೆಯಲ್ಲಿ ಕಣ್ಣುಮುಚ್ಚಿ ಮಲಗಿದ್ದ ಅಜ್ಜಿಗೆ ಇಡೀ ತಾಲ್ಲೂಕಿನ ನಂಟಸ್ತಿಕೆ ಬಾಯಿಪಾಠ. ಯಾರ ಮನೆಯ ಸೊಸೆ ಯಾರ ಚಿಕ್ಕಮ್ಮನ ನಾದಿನಿಯ ಮಗಳೆಂದು ಹೇಳಿ ಮದುವೆಗಳನ್ನು ಕೂಡಿಸಿದವರು, ಮುರಿದವರು. ಅವರು ಎದ್ದು ಕುಳಿತಿದ್ದಾರೆ.

“ತಡಿ ತಂಗಿ, ಇದೇನು ಮಹಾ! ತಂದೆಯ ಹೆಂಡತಿ ಅಂದರೆ ಅವನಿಗೆ ತಾಯಿಯಾದಳು. ಅವಳ ತಾಯಿ ಇವನ ಹೆಂಡತಿ. ಹಾಗಾದರೆ ಅವಳಿಗೆ ಇವನು ಮಗನೂ ಹೌದು, ತಂದೆಯೂ ಹೌದು...”

ಬೆರಳು ಮಡಚುತ್ತ ಕಿರುಬೆರಳಿನವರೆಗೆ ಬಂದ ಅಜ್ಜಿ ಅಲ್ಲಿ ನಿಂತರು. ಒಂದು ಗಳಿಗೆ ಸು‌ಮ್ಮನಿದ್ದು, ಮಡಚಿದ ಬೆರಳುಗಳನ್ನೆಲ್ಲ ಬಿಡಿಸಿ, ಮತ್ತೆ ಹೆಬ್ಬೆರಳಿನಿಂದ ತೊಡಗಿದರು.